ನಲವತ್ತರ ಲೆನ್ಸ್

ಬೆಳಗ್ಗೆ ಒಂಬತ್ತಕ್ಕೆ ಲ್ಯಾಬಿನ ಬಾಗಿಲು ತೆರೆದರೆ, ದೊಡ್ಡಕ್ಕ ಮೊದಲು ಮೈಕ್ರೋಸ್ಕೋಪಿನ ಹೊದಿಕೆ ತೆಗೆದು, ನಾಲ್ಕಾಗಿ ಮಡಿಸಿ ಡ್ರಾಯರಿನಲ್ಲಿಡುತ್ತಿದ್ದರು. ಆ ವಾರ ಮಾತ್ರ ಹೊದಿಕೆಯ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಸುಮ್ಮನೆ ಕೂತಿರುವುದನ್ನು ಎರಡು ದಿನ ನೋಡಿದೆ. ಗುರುವಾರ ಒಂದು ಕಾಗದ ತಂದು ನನ್ನ ಟೈಪ್‌ರೈಟರಿನ ಪಕ್ಕ ಇಟ್ಟು, ಇವತ್ತೇ ಟೈಪ್ ಮಾಡಿಕೊಡು ಎಂದರು.

ನಾನು ಆಸ್ಪತ್ರೆಯ ಆ ಲ್ಯಾಬಿನಲ್ಲಿ ವರದಿ ಟೈಪ್ ಮಾಡುತ್ತಿದ್ದವಳು. ದೊಡ್ಡಕ್ಕ ನಮ್ಮ ಹಿರಿಯ ಟೆಕ್ನಿಷಿಯನ್. ಇಪ್ಪತ್ತೆಂಟು ವರ್ಷದಿಂದ ರಕ್ತದ ಸ್ಲೈಡು ನೋಡುತ್ತಿದ್ದರು. ಕಾಗದದಲ್ಲಿ ಇದ್ದದ್ದು ಎರಡೇ ಸಾಲು. ತಮ್ಮ ದೃಷ್ಟಿ ಮಂದವಾಗಿದೆ, ಮೈಕ್ರೋಸ್ಕೋಪಿನಿಂದ ಬಿಡಿಸಿ ಸ್ಯಾಂಪಲ್ ತೆಗೆದುಕೊಳ್ಳುವ ಕಿಟಕಿಗೆ ಹಾಕಬೇಕು. ಅವರ ತಾಯಿಗೆ ಇದೇ ವಯಸ್ಸಿನಲ್ಲಿ ಕಣ್ಣು ಹೋಗಿತ್ತು. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ. ತೋರಿಸಿದರೆ ಅವರೂ ಅದನ್ನೇ ಹೇಳುತ್ತಾರೆ ಎಂದರು. ನನಗೆ ಬೇರೇನೂ ತೋಚದೆ, ರಿಬ್ಬನ್ ಮುಗಿದಿದೆ, ಹೊಸದು ಬರಲು ಎರಡು ದಿನ ಬೇಕು ಎಂದುಬಿಟ್ಟೆ.

ಅವರು ಹೋದ ಮೇಲೆ ಸೋಡಾಬುಡ್ಡಿಗೆ ವಿಷಯ ತಿಳಿಸಿದೆ. ಸೋಡಾಬುಡ್ಡಿ ಎಂದರೆ ನಮ್ಮ ಕಿರಿಯ ಟೆಕ್ನಿಷಿಯನ್, ಬಂದು ವರ್ಷವಾಗಿತ್ತು. ಆ ದಪ್ಪ ಗಾಜಿನ ಕನ್ನಡಕ ನೋಡಿ ಹೆಸರಿಟ್ಟವರು ದೊಡ್ಡಕ್ಕನೇ. ಅವಳೇನೂ ಬೇಜಾರು ಮಾಡಿಕೊಳ್ಳದೆ ತನ್ನ ಚಹಾದ ಲೋಟದ ಮೇಲೂ ಅದನ್ನೇ ಬರೆದುಕೊಂಡಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ದೊಡ್ಡಕ್ಕ ಮಂಗಳವಾರದಿಂದ ಸ್ಲೈಡನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಹತ್ತರ ಲೆನ್ಸಿನಲ್ಲಿ ನೋಡಿ, ನಲವತ್ತಕ್ಕೆ ತಿರುಗಿಸಿ, ಮುಂದೆ ನೂರಕ್ಕೆ ಹೋಗದೆ, ನೀನೇ ನೋಡಿಬಿಡು ಎಂದು ಅವಳ ಕಡೆ ತಳ್ಳುತ್ತಿದ್ದರಂತೆ. ತಳ್ಳದೆ ಉಳಿಸಿಕೊಂಡ ಸ್ಲೈಡುಗಳನ್ನೂ ಇವಳು ಊಟದ ಹೊತ್ತಿನಲ್ಲಿ ಕಿಟಕಿ ಹತ್ತಿರದ ಹಳೇ ಮೈಕ್ರೋಸ್ಕೋಪಿನಲ್ಲಿ ಇನ್ನೊಮ್ಮೆ ನೋಡುತ್ತಿದ್ದಳು. ಅದು ಒಂಟಿ ಕೊಳವೆಯದು, ದೀಪದ ಬದಲು ಕನ್ನಡಿ. ಬಿಸಿಲಿನ ಕಡೆ ತಿರುಗಿಸಿಕೊಂಡು ನೋಡಬೇಕು. ಒಂದು ವರದಿಯೂ ತಪ್ಪಾಗಿ ಹೋಗಿರಲಿಲ್ಲ.

ಮರುದಿನ ಬೆಳಗ್ಗೆ ಅವಳು ದೊಡ್ಡಕ್ಕನ ಜಾಗದಲ್ಲೇ ಕೂತು, ತಲೆ ಎತ್ತದೆ, ಇದರಲ್ಲಿ ಏನೋ ಮಸುಕಿದೆ, ಎಲ್ಲಿದೆ ಅಂತ ಹುಡುಕುವುದು ಮರೆತುಹೋಗಿದೆ, ಇನ್ನೊಂದು ಸಲ ಹೇಳಿಕೊಡಿ ಎಂದಳು.

"ವರ್ಷವಿಡೀ ಕಲಿತದ್ದನ್ನ ಚಹಾದ ಜೊತೆ ಕುಡಿದುಬಿಟ್ಯಾ?" ಎಂದರು ದೊಡ್ಡಕ್ಕ. ಆದರೆ ಹೇಳಿಕೊಡು ಎಂದವರಿಗೆ ಅವರು ಇಲ್ಲ ಎಂದದ್ದೇ ಇಲ್ಲ. ಕುರ್ಚಿ ಎಳೆದುಕೊಂಡರು.

ಆ ಪಾಠ ನನಗೂ ಬಾಯಿಪಾಠ. ಒಂದು ಸಲಕ್ಕೆ ಒಂದನ್ನೇ ಅಲುಗಿಸಬೇಕು; ದೋಷ ಯಾವುದರ ಜೊತೆ ಹೋಗುತ್ತದೋ ಅದರದೇ ದೋಷ. ಮೊದಲು ಕಣ್ಣಿಡುವ ಲೆನ್ಸನ್ನು ತಿರುಗಿಸಿದರು. ಮಸುಕು ಅಲುಗಲಿಲ್ಲ. ಸ್ಲೈಡು ಸರಿಸಿದರು. ಮಸುಕು ಇದ್ದಲ್ಲೇ ಇತ್ತು. ಇನ್ನು ಉಳಿದದ್ದು ಕೆಳಗಿನ ಲೆನ್ಸುಗಳು, ಅವೂ ಅಲ್ಲವಾದರೆ ನೋಡುವವರ ಕಣ್ಣು. ನಮಗೆಲ್ಲ ಹೇಳಿಕೊಟ್ಟವರು ಈ ಪರೀಕ್ಷೆಯನ್ನು ತಾವೇ ಯಾಕೆ ಮಾಡಿಕೊಂಡಿರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು.

ಅವರ ಕೈ ಒಂದು ಕ್ಷಣ ನಿಂತಿತು. ಆಮೇಲೆ ನಲವತ್ತರ ಲೆನ್ಸನ್ನು ಪಕ್ಕಕ್ಕೆ ಸರಿಸಿ, ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು, ನೂರರ ಲೆನ್ಸನ್ನು ಅದಕ್ಕೆ ತಾಗುವಂತೆ ತಂದರು. ಅಭ್ಯಾಸಬಲದಿಂದ ವಿವರಣೆಯೂ ಬಂತು: ಗಾಜಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿ ಚದುರಿಹೋಗುತ್ತದೆ, ನಡುವೆ ಎಣ್ಣೆ ಇದ್ದರೆ ಬೆಳಕು ಪೋಲಾಗದೆ ಲೆನ್ಸಿಗೆ ಸೇರುತ್ತದೆ. ಹೇಳುತ್ತ ಹೇಳುತ್ತ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಮಾತು ನಿಂತಿತು. ಬಿಳಿ ರಕ್ತಕಣವೊಂದರ ಒಳಗಿನ ಚುಕ್ಕೆಗಳನ್ನು ಒಂದೊಂದಾಗಿ ಎಣಿಸುತ್ತಿರುವುದು ನನಗೆ ಕೇಳಿಸಿತು. ಹದಿಮೂರರವರೆಗೆ ಎಣಿಸಿದರು; ಮಸುಕು ನಲವತ್ತರ ಜೊತೆಗೇ ಹೋಗಿತ್ತು.

ಆಮೇಲೆ ನಲವತ್ತರ ಲೆನ್ಸನ್ನು ಬಿಚ್ಚಿದರು. ಕಣ್ಣಿಡುವ ಲೆನ್ಸನ್ನು ಹೊರಗೆಳೆದು ತಲೆಕೆಳಗಾಗಿ ಹಿಡಿದರೆ ಅದೇ ಒಳ್ಳೆಯ ಭೂತಗನ್ನಡಿ. ಅದರಲ್ಲಿ ನೋಡಿದರು. ತುದಿಯ ಗಾಜಿನ ಮೇಲೆ ಎಣ್ಣೆ ಪೊರೆಗಟ್ಟಿತ್ತು.

"ನೀನು ಇದನ್ನ ಯಾವಾಗ ನೋಡ್ದೆ?"

"ಮಂಗಳವಾರ."

"ಒರೆಸಿ ಇಡಬಾರದಿತ್ತೇನೇ?"

"ಒರೆಸಿದ್ರೆ ಕಣ್ಣು ತಾನಾಗೇ ಸರಿಹೋಯ್ತು ಅಂದ್ಕೋತಿದ್ರಿ ದೊಡ್ಡಕ್ಕ. ಆಮೇಲೆ ದಿನಾ ಬೆಳಗ್ಗೆ, ಇವತ್ತು ಕೈಕೊಡುತ್ತೋ ನಾಳೆ ಕೈಕೊಡುತ್ತೋ ಅಂತ ಹೆದರ್ಕೊಂಡೇ ಕೂರ್ತಿದ್ರಿ."

ದೊಡ್ಡಕ್ಕ ಅವಳ ಕನ್ನಡಕ ತೆಗೆದುಕೊಂಡು, ಲೆನ್ಸು ಒರೆಸುವ ತೆಳು ಕಾಗದದಿಂದ ಎರಡೂ ಗಾಜು ಒರೆಸಿ, ತಾವೇ ಮತ್ತೆ ತೊಡಿಸಿದರು.

ಆ ಮೈಕ್ರೋಸ್ಕೋಪಿನಲ್ಲಿ ದೊಡ್ಡಕ್ಕ ಬಿಟ್ಟರೆ ಬೇರೆ ಯಾರೂ ಕೆಲಸ ಮಾಡುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ನೂರರಲ್ಲಿ ನೋಡುತ್ತಿದ್ದಾಗ ನಾನು ಯಾವುದೋ ವರದಿಗೆಂದು ಅವರನ್ನು ಕರೆದಿದ್ದೆ. ವಾಪಸ್ ಹೋದವರು ಸ್ಲೈಡಿನ ಮೇಲಿನ ಎಣ್ಣೆ ಒರೆಸದೆ ನಲವತ್ತಕ್ಕೆ ತಿರುಗಿಸಿ, ಆ ಲೆನ್ಸಿಗೂ ಎಣ್ಣೆ ಹತ್ತಿಸಿಬಿಟ್ಟಿದ್ದರು. ಇಪ್ಪತ್ತೆಂಟು ವರ್ಷ ಎಲ್ಲರನ್ನೂ ಬೈದದ್ದು ಇದಕ್ಕೇ.

ನಮ್ಮ ಲ್ಯಾಬಿನ ಗೋಡೆಗೆ ದಾರ ಕಟ್ಟಿದ ಒಂದು ನೋಟ್‌ಬುಕ್ ತೂಗುತ್ತಿತ್ತು. ತಪ್ಪು ಮಾಡಿದವರು ತಮ್ಮ ಕೈಯಾರೆ ಅದರಲ್ಲಿ ಬರೆಯಬೇಕು. ಬರೆದ ಮೇಲೆ ಆ ತಪ್ಪಿನ ಬಗ್ಗೆ ಯಾರೂ ಮಾತೆತ್ತುವಂತಿಲ್ಲ. ಈ ಪದ್ಧತಿ ತಂದವರು ದೊಡ್ಡಕ್ಕ. ಏಳು ವರ್ಷದ ಮಗುವನ್ನು ನಾನು ಎಪ್ಪತ್ತರ ಮುದುಕನನ್ನಾಗಿ ಟೈಪ್ ಮಾಡಿದ್ದು ಅದರಲ್ಲಿತ್ತು. ಒಳಗೆ ನೋಡುತ್ತಲೇ ದೊಡ್ಡ ತಿರುಪಿನಿಂದ ಲೆನ್ಸು ಇಳಿಸಿ ಸೋಡಾಬುಡ್ಡಿ ಒಡೆದ ಮೂರು ಸ್ಲೈಡುಗಳಿದ್ದವು. ದೊಡ್ಡಕ್ಕನ ಅಕ್ಷರ ಮೊದಲ ಪುಟದ ನಿಯಮ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಅವರು ನೋಟ್‌ಬುಕ್ ಇಳಿಸಿ, ನಿಂತೇ ಎರಡು ಸಾಲು ಬರೆದರು. ಪೆನ್ನು ಮುಚ್ಚದೆ ನನ್ನ ಮೇಜಿಗೆ ಬಂದು ತಮ್ಮ ಕಾಗದ ವಾಪಸ್ ಕೇಳಿದರು. ಕೊಟ್ಟೆ. ಮಡಿಸಿ ಜೇಬಿಗೆ ಹಾಕಿಕೊಂಡು ಟೈಪ್‌ರೈಟರಿನ ಕಡೆ ನೋಡಿದರು. ಮುಗಿದಿದೆ ಎಂದು ನಾನು ಹೇಳಿದ್ದ ರಿಬ್ಬನ್ ಅದರಲ್ಲಿ ಕಪ್ಪಗೆ ಹೊಸದಾಗಿ ಹೊಳೆಯುತ್ತಿತ್ತು.

"ತಗೋ," ಎಂದು ಪೆನ್ನು ನನ್ನ ಕಡೆ ಚಾಚಿದರು. "ನನ್ನದರ ಕೆಳಗೆ ಜಾಗ ಬಿಟ್ಟಿದ್ದೀನಿ."