ನೂರಕ್ಕೆ ನೂರು ಅಂದರೆ ಇಬ್ಬರು

ನಮ್ಮ ಊರಿನಲ್ಲಿ ಮಕ್ಕಳು ಏನು ಪಾಸಾದರೂ ಫ್ಲೆಕ್ಸ್ ಹಾಕುತ್ತಾರೆ. ಹೈಸ್ಕೂಲು ಮುಗಿಸಿದವಳ ಮುಖ ಮನೆಯ ಗೋಡೆಗೆ, ನರ್ಸ್ ಆದವಳ ಮುಖ ಚರ್ಚಿನ ಎದುರಿಗೆ, ಹಡಗಿನ ಕೆಲಸ ಸಿಕ್ಕವನ ಮುಖ ಮಾರುಕಟ್ಟೆಯ ತಿರುವಿಗೆ. ಆ ಫ್ಲೆಕ್ಸ್‌ಗಳ ಅಂಚು ಮಡಚಿ, ಮೂಲೆಗೆ ತೂತು ಹೊಡೆದು, ಹಗ್ಗ ಕಟ್ಟಲು ಲೋಹದ ಬಳೆ ಕೂರಿಸುವವಳು ನಾನು. ತಂಗಿ ಓದಲಿ ಎಂದು ಏಳನೇ ತರಗತಿಗೇ ಶಾಲೆ ಬಿಟ್ಟೆ. ಫ್ಲೆಕ್ಸ್ ಮುದ್ರಿಸುವ ಅಂಗಡಿಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಯಂತ್ರದಿಂದ ಬರುವುದನ್ನೆಲ್ಲ ಓದುತ್ತೇನೆ.

ಕಳೆದ ಜುಲೈನ ಒಂದು ಸೋಮವಾರ ಆ ಯಂತ್ರದಿಂದ ನನ್ನ ತಂಗಿಯ ಮುಖ ಹೊರಬಂತು. ಮೊದಲು ಹಣೆ, ಆಮೇಲೆ ಕಣ್ಣು, ಆಮೇಲೆ ನಗು. ಕೆಳಗೆ ದಪ್ಪ ಅಕ್ಷರದಲ್ಲಿ, 'ಅಭಿನಂದನೆಗಳು ಜೊವೆಲಿನ್, ನಮ್ಮ ಹೊಸ ನರ್ಸಿಂಗ್ ವಿದ್ಯಾರ್ಥಿನಿ' ಎಂದು ಬರೆದಿತ್ತು. ಪಕ್ಕದಲ್ಲಿ ಸೇತುವೆ ಬಳಿಯ ಖಾಸಗಿ ಕಾಲೇಜಿನ ಗುರುತು.

ಜೊವೆಲಿನ್ ಆ ಕಾಲೇಜಿಗೆ ಸೇರಿರಲಿಲ್ಲ. ಸೇರಬೇಕೋ ಬೇಡವೋ ಎಂದು ಮನೆಯಲ್ಲಿ ತೀರ್ಮಾನವೂ ಆಗಿರಲಿಲ್ಲ. ಇಲೊಯ್ಲೊ ನಗರದ ಸರ್ಕಾರಿ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಶುಕ್ರವಾರದೊಳಗೆ ಮೂಲ ಅಂಕಪಟ್ಟಿ ಒಯ್ದು ಕೊಟ್ಟರೆ ಅಲ್ಲಿನ ನರ್ಸಿಂಗ್ ಸೀಟು ಅವಳದು. ಕೊಡದಿದ್ದರೆ ಪಟ್ಟಿಯಲ್ಲಿ ಮುಂದಿರುವವರದು.

ಸಂಜೆ ನಾನು ಮನೆ ಮುಟ್ಟುವಷ್ಟರಲ್ಲಿ ಫ್ಲೆಕ್ಸ್ ನಮ್ಮ ಗೋಡೆಯ ಮೇಲಿತ್ತು. ಕಟ್ಟಿದವರು ಆ ಕಾಲೇಜಿಗೆ ಮಕ್ಕಳನ್ನು ಸೇರಿಸುವ ಸರ್ ಎರ್ವಿನ್. ಅಮ್ಮ ದೊಡ್ಡ ಬಾಣಲೆ ತುಂಬ ಪಾನ್ಸಿತ್ ಶ್ಯಾವಿಗೆ ಮಾಡಿ ಬೀದಿಯವರಿಗೆಲ್ಲ ಬಡಿಸುತ್ತಿದ್ದಳು. ಅಪ್ಪನಿಗೆ ಟ್ರೈಸಿಕಲ್ ಓಡಿಸುವ ಕೆಲಸ. ಅವತ್ತು ಬಾಡಿಗೆಗೆ ಹೋಗದೆ ಫ್ಲೆಕ್ಸ್ ಪಕ್ಕದಲ್ಲೇ ನಿಂತು ಬಂದವರ ಕೈ ಕುಲುಕುತ್ತಿದ್ದರು.

ಊಟವಾದ ಮೇಲೆ ನಗರದ ಕಾಲೇಜಿನ ಮಾತು ತೆಗೆದೆ. ಅದು ದೂರ, ಜೀಪ್ನಿ ಬಸ್ಸಿನಲ್ಲಿ ಒಂದೂವರೆ ತಾಸು ಎಂದರು ಅಪ್ಪ. ಇಲ್ಲಾದರೆ ಮನೆಯಿಂದ ನಡೆದು ಹೋಗಬಹುದು, ಮೊದಲ ವರ್ಷ ಫೀಸೂ ಇಲ್ಲ, ಸರ್ಕಾರದ ಲೈಸೆನ್ಸ್ ಪರೀಕ್ಷೆಯಲ್ಲಿ ನೂರಕ್ಕೆ ನೂರು ಫಲಿತಾಂಶ ಎಂದು ಗೇಟಿನ ಮೇಲೇ ಬರೆದಿದೆ. ಕೊನೆಗೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು.

"ಇಡೀ ಬೀದಿ ಬಂದು ಉಂಡು ಹೋಗಿದೆ ಮೆರ್ಲಿ. ಈಗ ಅದನ್ನ ಇಳಿಸಿದ್ರೆ ನಾನು ಮುಖ ಎಲ್ಲಿಡ್ಲಿ?"

ಆಗ ನನಗೆ ಅರ್ಥವಾಯಿತು. ಕಾಲೇಜಿನವರು ಫ್ಲೆಕ್ಸ್ ಕಟ್ಟಿದ್ದೇ ಅದಕ್ಕೆ. ನಮ್ಮನ್ನು ಒಪ್ಪಿಸುವ ಗೋಜೇ ಬೇಡ, ನಮ್ಮ ಬೀದಿಯನ್ನು ಒಪ್ಪಿಸಿದರೆ ಸಾಕು. ಗುರುವಾರ ಬಂದು ಮೂಲ ಅಂಕಪಟ್ಟಿ ಒಯ್ಯುತ್ತೇನೆ ಎಂದು ಸರ್ ಎರ್ವಿನ್ ಹೇಳಿ ಹೋಗಿದ್ದರು. ಅಂಕಪಟ್ಟಿ ಇರುವುದು ಒಂದೇ. ಗುರುವಾರ ಅವರ ಕೈಗೆ ಹೋದರೆ ಶುಕ್ರವಾರ ನಗರದಲ್ಲಿ ಕೊಡಲು ನಮ್ಮ ಬಳಿ ಏನೂ ಉಳಿಯುವುದಿಲ್ಲ.

ಆ ನೂರಕ್ಕೆ ನೂರರ ಫ್ಲೆಕ್ಸಿಗೂ ತೂತು ಹೊಡೆದವಳು ನಾನೇ. ಆರು ಮೀಟರ್ ಉದ್ದ, ಅದರಲ್ಲಿ ಎರಡೇ ಮುಖ. ಇಷ್ಟು ಜಾಗದಲ್ಲಿ ಇಬ್ಬರೇ ಏಕೆ ಎಂದು ಆಗಲೇ ಅನಿಸಿತ್ತು. ಕೇಳಿರಲಿಲ್ಲ. ಮಂಗಳವಾರ ಮಾಲೀಕರ ಅನುಮತಿ ಪಡೆದು ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಚಿತ್ರಗಳನ್ನು ಹುಡುಕಿದೆ. ಆ ಇಬ್ಬರೂ ಕಾಲೇಜಿಗೆ ಸೇರಿದ ವರ್ಷದ ಸ್ವಾಗತದ ಫ್ಲೆಕ್ಸ್ ಸಿಕ್ಕಿತು. ಎಲ್ಲರೂ ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದಾರೆ. ಎರಡು ಸಲ ಎಣಿಸಿದೆ. ಅರವತ್ತನಾಲ್ಕು ಜನ.

ಮೂರನೇ ಸಾಲಿನಲ್ಲಿ ಒಂದು ಮುಖ ನನಗೆ ಗೊತ್ತಿತ್ತು. ನಮ್ಮ ಅಂಗಡಿಯ ಪಕ್ಕದ ಊಟದ ಮನೆಯಲ್ಲಿ ಮೀನಿನ ಸಾರು ಬಡಿಸುವ ಜೆಮ್ಮಾ. ನನಗಿಂತ ದೊಡ್ಡವಳು, ಅಕ್ಕ ಎನ್ನುವುದಕ್ಕೆ ನಮ್ಮಲ್ಲಿ ಹೇಳುವಂತೆ ಮಾನಾಂಗ್ ಜೆಮ್ಮಾ ಎಂದೇ ಕರೆಯುತ್ತೇನೆ. ಚಿತ್ರ ತೋರಿಸಿದೆ. ಅವಳು ಸೌಟು ಕೆಳಗಿಟ್ಟಳು.

ನಾಲ್ಕು ವರ್ಷ ಓದಿದ್ದಳಂತೆ. ಎರಡನೇ ವರ್ಷದಿಂದ ಫೀಸು ಶುರುವಾಯಿತು. ಅದಕ್ಕೇ ಅರ್ಧ ಜನ ಬಿಟ್ಟುಹೋದರು. ಉಳಿದವರಿಗೆ ಕೊನೆಯ ವರ್ಷ ಕಾಲೇಜು ತನ್ನದೇ ಒಂದು ಪರೀಕ್ಷೆ ಇಟ್ಟಿತು. ಅದರಲ್ಲಿ ಪಾಸು ಮಾಡಿದವರನ್ನು ಮಾತ್ರ ಸರ್ಕಾರದ ಪರೀಕ್ಷೆಗೆ ಕಳಿಸುತ್ತಾರೆ. ಮಿಕ್ಕವರು ಮತ್ತೆ ಫೀಸು ಕಟ್ಟಿ ಮತ್ತೆ ಕೂರಬೇಕು.

"ಖಂಡಿತ ಪಾಸಾಗೋ ಇಬ್ಬರನ್ನ ಆರಿಸಿ ಕಳಿಸಿದ್ರು," ಅಂದಳು. "ಇಬ್ಬರು ಬರೆದ್ರು, ಇಬ್ಬರು ಪಾಸು. ನೂರಕ್ಕೆ ನೂರು. ನಾನು ಮೂರು ಸಲ ಕೂತೆ ಕಣೇ. ಇನ್ನೊಂದು ಸಲಕ್ಕೆ ನಮ್ಮನೇಲಿ ಮಾರೋಕೆ ಏನೂ ಉಳಿದಿರ್ಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಕಾಲೇಜಿನವರ ಮೇಲೆ ಮಾತ್ರವಲ್ಲ, ಐದು ವರ್ಷ ಬಾಯಿ ಬಿಡದೆ ತೂತು ಹೊಡೆದ ನನ್ನ ಕೈಯ ಮೇಲೂ.

ಗುರುವಾರ ಸರ್ ಎರ್ವಿನ್ ಬಂದರು. ಜೊವೆಲಿನ್ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹಿಡಿದು ಕೂತಿದ್ದಳು. ಅವರು ಕೈ ಚಾಚಿದಾಗ ನಾನು ನಡುವೆ ಹೋಗಿ ಕಾಗದದ ಮೇಲೆ ಮುದ್ರಿಸಿದ್ದ ಆ ಚಿತ್ರ ಇಟ್ಟೆ.

"ಸರ್, ಇಲ್ಲಿ ಅರವತ್ನಾಲ್ಕು ಜನ ಇದಾರೆ. ಲೈಸೆನ್ಸ್ ಪರೀಕ್ಷೆ ಬರೆದವರು ಎಷ್ಟು ಜನ?"

ಅವರು ನಕ್ಕರು. "ನೀನು ಫ್ಲೆಕ್ಸ್ ಅಂಗಡಿ ಹುಡುಗಿ ಅಲ್ವಾ? ಕಾಲೇಜಿನ ವಿಷಯ ಕಾಲೇಜು ನೋಡಿದವರಿಗೆ ಬಿಡಮ್ಮ."

ಅಪ್ಪ ನನ್ನನ್ನೇ ಗದರಿದರು. ದೊಡ್ಡವರ ಮುಂದೆ ಹಾಗೆಲ್ಲ ಕೇಳಬಾರದು ಎಂದರು. ನಿಮ್ಮ ಗೇಟಿನ ಫ್ಲೆಕ್ಸಿನಲ್ಲಿ ಎರಡೇ ಮುಖ, ಬರೆದವರು ಇಬ್ಬರೇ ತಾನೆ ಎಂದು ನಾನು ಮತ್ತೆ ಕೇಳಿದೆ. ಶೇಕಡಾ ನೋಡಬೇಕು, ತಲೆ ಎಣಿಸಬಾರದು ಎಂದು ಉತ್ತರ ಬಂತು. ಕಾಲೇಜಿನ ನಮ್ಮ ಊರಿನ ಶಾಖೆಯಲ್ಲಿ ನರ್ಸಿಂಗ್ ಕಲಿಸಲು ಸರ್ಕಾರ ಕೊಟ್ಟ ಮಾನ್ಯತೆಯ ಕಾಗದ ತೋರಿಸಿ ಎಂದೆ. ಅದು ಮುಖ್ಯ ಕಚೇರಿಯಲ್ಲಿದೆಯಂತೆ. ಎರಡನೇ ವರ್ಷದ ಫೀಸು ಎಷ್ಟು ಎಂದೆ. ಆಗ ನೋಡಿಕೊಳ್ಳೋಣ ಎಂದರು.

ಅಪ್ಪ ಚಿತ್ರವನ್ನು ಎತ್ತಿಕೊಂಡು ಸಾಲು ಸಾಲಾಗಿ ಬೆರಳಿಟ್ಟು ನೋಡಿದರು.

"ನನ್ನ ಗಾಡಿಗೆ ಅರವತ್ನಾಲ್ಕು ಜನ ಹತ್ತಿ, ಊರು ಮುಟ್ಟಿದಾಗ ಇಬ್ಬರೇ ಇಳಿದ್ರೆ ಪೊಲೀಸ್ನೋರು ನನ್ನ ಸುಮ್ನೆ ಬಿಡ್ತಾರಾ ಸರ್?" ಎಂದರು. "ಮಿಕ್ಕವರು ಎಲ್ಲಿ?"

"ಕೆಲವರು ಸೋಮಾರಿಗಳು, ಅಣ್ಣಾ. ಓದೋದಿಲ್ಲ. ನಾವೇನು ಮಾಡೋಕಾಗುತ್ತೆ?"

"ನಾನು ಸೋಮಾರಿಯಾ ಸರ್?"

ಬಾಗಿಲಲ್ಲಿ ಜೆಮ್ಮಾ ನಿಂತಿದ್ದಳು. ನಾನೇ ಬರಹೇಳಿದ್ದೆ. ಊಟದ ಮನೆಯ ಏಪ್ರನ್ ಬಿಚ್ಚಿರಲಿಲ್ಲ.

"ಮೂರನೇ ಸಾಲು ನೋಡಿ, ಎಡದಿಂದ ಐದನೆಯವಳು. ನಮ್ಮನೆ ಗೋಡೆಗೂ ಫ್ಲೆಕ್ಸ್ ಕಟ್ಟಿದ್ದು ನೀವೇ. ನಮ್ಮಪ್ಪನೂ ಹಂದಿ ಕೊಯ್ದು ಊರಿಗೆ ಹಾಕಿದ್ರು. ನೆನಪಿದೆಯಾ?"

ಸರ್ ಎರ್ವಿನ್ ಫೈಲು ಮುಚ್ಚಿ, ಇನ್ನೊಂದು ಮನೆಗೆ ಹೋಗಬೇಕು ಎಂದು ಎದ್ದರು. ಇನ್ನೊಂದು ಮನೆ. ಆ ಮಾತು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಹೋದ ಮೇಲೂ ಅಪ್ಪನ ಚಿಂತೆ ಒಂದೇ, ಬೀದಿಯವರಿಗೆ ಏನು ಹೇಳುವುದು. ಉತ್ತರ ಕೊಟ್ಟವಳು ಜೊವೆಲಿನ್.

"ನಾನಿನ್ನೂ ಎಲ್ಲೂ ಸೇರಿಲ್ಲ ಅನ್ನಿ ಅಪ್ಪ. ಅದು ನಿಜ ತಾನೆ?"

ಕತ್ತರಿ ತೆಗೆದುಕೊಂಡು ಹೋಗಿ ತನ್ನ ಮುಖವನ್ನು ತಾನೇ ಗೋಡೆಯಿಂದ ಇಳಿಸಿದಳು. ಎದುರು ಮನೆಯವರು ನೋಡುತ್ತಿದ್ದರು. ನೋಡಲಿ.

ಶುಕ್ರವಾರ ಅಪ್ಪನೇ ಅವಳ ಜೊತೆ ನಗರಕ್ಕೆ ಹೋದರು. ಅಲ್ಲಿಯೂ ಅವಳು ಅದೇ ಪ್ರಶ್ನೆಗಳನ್ನು ಕೇಳಿದಳಂತೆ. ಗುಮಾಸ್ತೆ ಗೊಣಗಿದರೂ ಪುಸ್ತಕ ತೆಗೆದು ತೋರಿಸಿದಳು. ಒಂದು ತಂಡದಲ್ಲಿ ಸೇರಿದವರು ನಲವತ್ತೆರಡು, ಪರೀಕ್ಷೆ ಬರೆದವರು ಮೂವತ್ತೇಳು, ಪಾಸಾದವರು ಮೂವತ್ತು. ಮಾನ್ಯತೆಯ ಕಾಗದ ಗೋಡೆಯ ಮೇಲೇ ಇತ್ತು. ನೂರಕ್ಕೆ ನೂರಲ್ಲ. ಆದರೆ ಬಿಟ್ಟುಹೋದ ಐವರ ಹೆಸರೂ ಪುಸ್ತಕದಲ್ಲಿತ್ತು, ಯಾರೂ ಮಾಯವಾಗಿರಲಿಲ್ಲ. ಜೊವೆಲಿನ್ ಅಂಕಪಟ್ಟಿ ಕೊಟ್ಟು ಸಹಿ ಮಾಡಿದಳು.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಈ ವರ್ಷ ಕಾಲೇಜು ಸೇರುವ ತಂಗಿಯರೇ, ತಮ್ಮಂದಿರೇ, ನಿಮ್ಮ ಊರಿನಲ್ಲೂ ಗೇಟಿನ ಮೇಲೆ ದೊಡ್ಡ ಅಕ್ಷರಗಳಿರುತ್ತವೆ. ಸೇರಿದವರು ಎಷ್ಟು, ಪರೀಕ್ಷೆ ಬರೆದವರು ಎಷ್ಟು, ಪಾಸಾದವರು ಎಷ್ಟು ಎಂದು ಮೂರನ್ನೂ ಕೇಳಿ. ನೀವು ಸೇರುವ ಕೋರ್ಸಿಗೆ, ನೀವು ಸೇರುವ ಊರಿನಲ್ಲಿ, ಸರ್ಕಾರದ ಮಾನ್ಯತೆ ಇದೆಯೇ ಎಂದು ಕಣ್ಣಾರೆ ನೋಡಿ. ಕೊನೆಯ ವರ್ಷದವರೆಗಿನ ಫೀಸನ್ನು ಬರೆಸಿಕೊಳ್ಳಿ. ಅಲ್ಲಿ ಓದಿ ಬಿಟ್ಟವರು ಯಾರಾದರೂ ಇದ್ದರೆ ಹುಡುಕಿಕೊಂಡು ಹೋಗಿ ಮಾತಾಡಿಸಿ. ನಾವು ಓದಿದವರಲ್ಲ, ಹೇಗೆ ಕೇಳೋಣ ಎಂದು ಹಿಂಜರಿಯಬೇಡಿ. ಓದದವರು ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೇ ಇಂಥ ಕಾಲೇಜಿನವರು ಬದುಕಿದ್ದಾರೆ.

ತೀರ್ಮಾನ ಮಾಡುವ ಮೊದಲು ಮೂಲ ಅಂಕಪಟ್ಟಿಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ, ನಕಲು ಕೊಡಿ. ಬೇರೆ ಕಾಲೇಜಿಗೆ ಹೋಗುತ್ತೇನೆ ಎಂದು ಮಾನಾಂಗ್ ಜೆಮ್ಮಾ ತನ್ನದನ್ನು ವಾಪಸು ಕೇಳಿದಳು. ಬಾಕಿ ಫೀಸು ಕಟ್ಟು ಎಂದರು. ಅದು ಇವತ್ತಿಗೂ ಅವರ ಬೀರುವಿನಲ್ಲಿದೆ.