ಮಕ್ಕಳ ಬ್ಯಾಚಿನಲ್ಲಿ ಚೆನ್ನವ್ವ

ಮರಾಠಿಯಲ್ಲಿ ‘ಪರವಾ’ ಎಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲಾಳಿಯ ಕಾಂಡಿಗೆ ನೂಲು ಸುತ್ತಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಗೆಳತಿ ಸೋನಲ “ಹೆಂಗಸರ ಈಜಿನ ಕ್ಲಾಸ ಪರವಾ...” ಎಂದಾಗ ಉಳಿದ ಮಾತನ್ನು ಮಗ್ಗದ ಗದ್ದಲ ನುಂಗಿತು. ನಾಡಿದ್ದು ಎಂದುಕೊಂಡು, ಹೊಸ ಈಜುಡುಗೆ ಹಿಡಿದು ಸಂಭ್ರಮದಿಂದ ಹೋದೆ. ಸೋನಲ ಹೇಳಿದ ಪರವಾ ಮೊನ್ನೆಯದಾಗಿತ್ತು; ಕ್ಲಾಸು ಆಗಲೇ ಶುರುವಾಗಿ ಜಾಗವೆಲ್ಲ ತುಂಬಿಹೋಗಿತ್ತು.

ಕಲಿಸುವ ವೃಷಾಲಿ ಗಡಹಿಂಗ್ಲಜದವಳು, ನಮ್ಮ ಕನ್ನಡ ಬಲ್ಲವಳು. “ಮುಂದಿನ ವರ್ಷ ಬರ್ರಿ, ಮಾವಶಿ,” ಎಂದಳು.

ನನಗೆ ಸಿಟ್ಟು ಬಂತು. ನನ್ನ ತವರು ಅಕಿವಾಟ. ಕೃಷ್ಣೆಯ ನೀರು ಊರೊಳಗೆ ನುಗ್ಗಿದ ವರ್ಷ ದೋಣಿಯಲ್ಲಿ ತಮ್ಮ ಗುರಣ್ಣನ ಕೊರಳಿಗೆ ಜೋತುಬಿದ್ದು ಅತ್ತವಳು ನಾನು. ಆ ಅಂಜಿಕೆ ಬಿಡಿಸಿಕೊಳ್ಳದೆ ಸಾಯಬಾರದೆಂದು ಹಟ ಹಿಡಿದಿದ್ದೆ.

“ಮುಂದಿನ ವರ್ಷ ಯಾರ ಕಂಡಾರ? ಸಣ್ಣ ಹುಡುಗರ ಜೋಡಿ ಹಾಕವಾ ನನ್ನ,” ಎಂದೆ. ವೃಷಾಲಿ ಬಿದ್ದುಬಿದ್ದು ನಕ್ಕಳು. ಆದರೂ ಹಾಕಿಕೊಂಡಳು.

ಏಳೆಂಟು ವರ್ಷದ ಮಕ್ಕಳ ಸಾಲಿನ ಕೊನೆಗೆ ಐವತ್ತೈದರ ನಾನು ನಿಂತೆ. ಮನೆಯಲ್ಲಿ ಗಂಡ ಸಿದ್ದರಾಯ, “ಸಾಲಿಗೆ ಹೆಸರ ಹಚ್ಚಿ ಬಂದಿಯೇನ, ಚೆನ್ನವ್ವಾ? ಪಾಟಿ-ಬಳಪ ತರ್ಲೇನ?” ಎಂದು ಛೇಡಿಸಿದರು. ಅವತ್ತಿನ ಸಾರಿಗೆ ನಾನು ಉಪ್ಪು ಹಾಕಲಿಲ್ಲ.

ಆರು ದಿನವಾದರೂ ನಾನು ಕೊಳದ ಅಂಚಿನ ಕಂಬಿ ಬಿಡಲಿಲ್ಲ. ನನ್ನ ಪಕ್ಕದಲ್ಲಿ ಕಂಬಿ ಹಿಡಿದ ಇನ್ನೊಬ್ಬಳಿದ್ದಳು, ಎಲ್ಲರಿಗಿಂತ ಚಿಕ್ಕವಳು, ನೇತ್ರಾ.

“ನೀ ಬಂದ್ರ ನಾ ಬರ್ತೀನಿ, ಆಜಿ,” ಎಂದಳು.

ಇಬ್ಬರೂ ಕೈಹಿಡಿದು ಹೊರಟೆವು. ಒಂದು ದಿನ ಮೂಗಿಗೆ ನೀರು, ಮರುದಿನ ಕಿವಿಗೆ. ವೃಷಾಲಿ ದಡದಿಂದ ಕೂಗಿ ಕೂಗಿ ದಣಿದಳು. ದಿನವೂ ಅರ್ಧಕ್ಕೆ ಹೋಗಿ ತಿರುಗಿ ಬರುತ್ತಿದ್ದೆವು.

ಕೊನೆಯ ದಿನ ಕೊಳದ ನಡುವೆ, “ಅಂಜಬ್ಯಾಡವಾ, ನಾ ಹಿಡದೇನಿ,” ಎಂದು ಅವಳಿಗೆ ಧೈರ್ಯ ಹೇಳುತ್ತಿದ್ದೆ.

“ಆಜಿ, ಕೈ ಬಿಡ! ನಿನ್ನ ಸಲುವಾಗಿ ನಂಗ ಈಜಾಕ ಆಗವಲ್ದು!”

ನೋಡಿದರೆ, ಹುಡುಗಿ ಯಾವಾಗಲೋ ಕಲಿತುಬಿಟ್ಟಿದ್ದಳು. ನೇತುಬಿದ್ದವಳು ನಾನೇ. ನಾಚಿಕೆಯಾಯಿತು, ನಗೆಯೂ ಬಂತು. ಬಾಯಿ ಬಿಗಿಹಿಡಿದು ಅವಳ ಕೈ ಬಿಟ್ಟೆ, ಕಾಲು ಬಡಿದೆ. ಮುಳುಗಲಿಲ್ಲ! ಖುಷಿಗೆ ಇನ್ನೂ ಜೋರಾಗಿ ಬಡಿದೆ.

ಆಚೆ ಗೋಡೆ ಮುಟ್ಟಿದಾಗ ನೇತ್ರಾ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು.

“ಎಷ್ಟೊತ್ತ ಮಾಡಿದಿ, ಆಜಿ!”

“ಐವತ್ತೈದ ವರ್ಷ ಆತವಾ,” ಎಂದೆ.