ಚಾಲಕನ ಪಕ್ಕದ ಸೀಟು

ಹಳೆಯ ಕಾರುಗಳ ಜಾತಕ ಬಿಡಿಸುವುದು ನನ್ನ ಕಸುಬು. ಯಾವ ವರ್ಷ ತಯಾರಾಯಿತು, ಯಾರ ಕೈ ದಾಟಿತು, ಯುದ್ಧದಲ್ಲಿ ಸೇನೆಗೆ ದುಡಿದಿತ್ತೇ ಎಂದು ಹುಡುಕಿ ಹೇಳಬೇಕು. ನನ್ನ ಬಳಿ ಬರುವವರು ಹೇಳುವ ಕಥೆಯಲ್ಲಿ, ಅವರ ಕಾರುಗಳಲ್ಲೆಲ್ಲ ಒಬ್ಬ ಸೇನಾಪತಿ ಕೂತಿರುತ್ತಾನೆ. ಇಷ್ಟೊಂದು ಕಾರುಗಳಲ್ಲಿ ತಿರುಗಾಡಿದ ಆ ಪುಣ್ಯಾತ್ಮರು ಯುದ್ಧ ಮಾಡಿದ್ದು ಯಾವಾಗ ಎಂಬುದೇ ನನಗೆ ಅರ್ಥವಾಗಿಲ್ಲ. ಸೇನಾಪತಿ ಕೂತಿರಲಿಲ್ಲ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ಹೇಳೀ ಹೇಳೀ ಸಾಕಾಗಿದೆ.

ಬಟ್ಟೆ ಅಂಗಡಿಯ ಯಜಮಾನ ಬಂದು ಕರೆದಾಗಲೂ ಅದೇ ದಣಿವು. ಕಾರು ಅವನ ತಾಯಿಯ ತಂದೆಯದು. ಅಜ್ಜ ಅದನ್ನು ಬಾಡಿಗೆಗೆ ಓಡಿಸುತ್ತಿದ್ದನಂತೆ. ಯುದ್ಧ ಬಂದಾಗ ಸೇನೆಯವರು ಕಾರಿನ ಜೊತೆಗೆ ಅಜ್ಜನನ್ನೂ ಕರೆದೊಯ್ದರಂತೆ. ಎರಡೂ ವಾಪಸು ಬಂದವು, ಆದರೆ ಅಜ್ಜ ಬಾಯಿ ಬಿಡಲಿಲ್ಲ. ಈಗ ಮೊಮ್ಮಗನಿಗೆ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಅದನ್ನು ಓಡಿಸುವ ಆಸೆ, ಮುಂದೆ ಹಿತ್ತಾಳೆ ಫಲಕ ಹಾಕುವ ಆಸೆ.

ಅವರ ಶೆಡ್ಡಿಗೆ ಹೋಗಿ ಬಾಗಿಲಿನ ಒಳಮೈ ಕೆರೆದೆ. ಕಪ್ಪು ಬಣ್ಣದ ಕೆಳಗೆ ಹಸಿರು ಸಿಕ್ಕಿತು, ಅವಸರದಲ್ಲಿ ಬ್ರಷ್ಷಿನಿಂದ ಬಳಿದ ಒರಟು ಹಸಿರು. ಸೇನೆಗೆ ಹೋಗಿದ್ದು ನಿಜ. ಚಾಲಕನದೊಂದು ಬಿಟ್ಟು ಸೀಟುಗಳನ್ನೆಲ್ಲ ಬಿಚ್ಚಿಸಿದೆ. ನೆಲದಲ್ಲಿ, ಚಾಲಕನ ಪಕ್ಕದ ಸೀಟಿದ್ದ ಜಾಗದಿಂದ ಹಿಂದಿನವರೆಗೆ, ಯಾರೋ ಆಮೇಲೆ ಕೊರೆದ ತೂತುಗಳ ಎರಡು ಸಾಲು.

"ವೈರ್‌ಲೆಸ್ ಕೂರಿಸಿದ್ರು ಅನ್ಸುತ್ತೆ. ದೊಡ್ಡ ಅಧಿಕಾರಿ ಯಾರೋ ಓಡಾಡಿರ್ಬೇಕು," ಎಂದುಬಿಟ್ಟೆ. ನನಗೆ ಬೇಗ ಮನೆ ಸೇರಬೇಕಿತ್ತು. ಅವನು ಅಂದೇ ಫಲಕ ಕೆತ್ತಲು ಕೊಟ್ಟ.

ಅವನ ತಾಯಿ ಮಾತ್ರ ಹಿಗ್ಗಲಿಲ್ಲ. ಎಪ್ಪತ್ತು ದಾಟಿದ ಆಕೆ ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು.

"ಆ ಪಕ್ಕದ ಸೀಟಿನ ವಿಷಯ ಏನಾದ್ರೂ ಗೊತ್ತಾಯ್ತೇನಮ್ಮಾ?"

"ಸೀಟಿನದೇನು?"

"ಅಪ್ಪ ಅದರಲ್ಲಿ ಯಾರನ್ನೂ ಕೂರಿಸ್ತಿರ್ಲಿಲ್ಲ. ಬಾಡಿಗೆಯವರನ್ನ ಹಿಂದೆ ಕುರಿ ತುಂಬಿದ ಹಾಗೆ ತುಂಬೋನು, ಪಕ್ಕದ್ದು ಮಾತ್ರ ಖಾಲಿ. ಇದ್ದೊಬ್ಬಳು ಮಗಳು, ನನಗೂ ಇಲ್ಲ. ಸಣ್ಣವಳಿದ್ದಾಗ ಒಂದ್ಸಲ ಕದ್ದು ಹತ್ತಿ ಅಲ್ಲೇ ನಿದ್ದೆ ಹೋಗಿದ್ದೆ. ಅಪ್ಪ ಬಂದವನೇ ಕೆನ್ನೆಗೆ ಪಟಪಟ ಹೊಡೆದು, ತೋಳು ಹಿಡಿದು ಹೊರಗೆ ಎಳೆದ. ಅಷ್ಟು ಬೇಡವಾದವಳಾ ನಾನು ಅಂತ ಇವತ್ತಿಗೂ ಕೊರೀತಾ ಇದೆ. ಅವನನ್ನ ಕೇಳೋಕೆ ಆಗಲಿಲ್ಲ. ಈ ಕಾರನ್ನಾದ್ರೂ ಕೇಳಿ ಹೇಳು."

ಕಾರುಗಳು ಅಂಥದ್ದನ್ನು ಹೇಳುವುದಿಲ್ಲ ಎನ್ನಬೇಕಿತ್ತು. ನೋಡ್ತೀನಮ್ಮಾ ಎಂದು ತಲೆಯಾಡಿಸಿ ಬಂದೆ.

ಮುಂದಿನ ವಾರ ಫೋಟೋ ತೆಗೆಯಲು ಹೋದಾಗ ಸೀಟುಗಳು ಇನ್ನೂ ಹೊರಗೇ ಇದ್ದವು. ತೂತುಗಳ ಚಿತ್ರಕ್ಕೆಂದು ಕಾರಿನೊಳಗೆ ಬಗ್ಗಿದವಳಿಗೆ ಸೊಂಟ ಹಿಡಿದುಕೊಂಡಿತು. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಬೇರೆ ದಾರಿ ಕಾಣದೆ, ಆ ಬರಿ ನೆಲದ ಮೇಲೆ ಕಾಲನ್ನು ಹಿಂಬದಿಗೆ ಚಾಚಿ ಅಂಗಾತ ಮಲಗಿಬಿಟ್ಟೆ. ನಿಜ ಹೇಳಬೇಕೆಂದರೆ ಏಳುವ ಮನಸ್ಸೂ ಇರಲಿಲ್ಲ.

ಕೊನೆಗೆ ಏಳೋಣವೆಂದು ತಲೆ ಎತ್ತಿದೆ. ಡ್ಯಾಶ್‌ಬೋರ್ಡಿನ ಅಡಿಗೆ ಹಣೆ ಜೋರಾಗಿ ಬಡಿಯಿತು. ನೋವಾಗಲಿಲ್ಲ.

ಕಬ್ಬಿಣಕ್ಕೆ ಬಡಿದರೆ ನೋವಾಗಬೇಕು. ಕೈಯಾಡಿಸಿದೆ. ದಪ್ಪ ಕಂಬಳಿಯ ತುಂಡಿನೊಳಗೆ ಹತ್ತಿ ತುಂಬಿ ಹೊಲಿದ ಮೆತ್ತೆ, ಸುತ್ತಲೂ ಸಣ್ಣ ಮೊಳೆ ಹೊಡೆದು ಕೂರಿಸಿದ್ದು.

ಸಂಗತಿ ತಿಳಿದಾಗ ನನ್ನ ಮೇಲೇ ಅಸಹ್ಯವಾಯಿತು. ವೈರ್‌ಲೆಸ್ಸಿಗೆ ಮೆತ್ತೆ ಬೇಕಿಲ್ಲ. ಆ ತೂತುಗಳಲ್ಲಿದ್ದದ್ದು ಸ್ಟ್ರೆಚರ್ ಜಾರಿಸುವ ಕಂಬಿಗಳು. ಕಾರು ಗಿಡ್ಡ, ಸ್ಟ್ರೆಚರ್ ಉದ್ದ; ಗಾಯಾಳುವಿನ ತಲೆ ಚಾಲಕನ ಮೊಣಕಾಲಿನ ಪಕ್ಕಕ್ಕೇ ಬರುತ್ತಿತ್ತು. ಕಾರು ಗುಂಡಿಗೆ ಬಿದ್ದು ನೆಗೆದಾಗಲೆಲ್ಲ ಆ ತಲೆ ಮೇಲಕ್ಕೆ ಬಡಿಯುತ್ತಿತ್ತು. ಯಾರಿಗೋ ಅದನ್ನು ನೋಡಿ ಸಹಿಸಲಾಗಿಲ್ಲ.

ಅಂಗಡಿಯ ಯಜಮಾನ ಬಂದು ಕೈ ಹಿಡಿದು ಎಬ್ಬಿಸಿದ. ಕಂಡದ್ದನ್ನು ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬಂತೆ, ಕೇಳಿದವನೇ ನನ್ನ ಮೇಲೆ ಹರಿಹಾಯ್ದ.

"ಅಧಿಕಾರಿ ಅಂದ್ರಲ್ಲ ಮೇಡಂ! ಫಲಕ ಕೆತ್ತಿಸಿ ಆಗಿದೆ."

"ತಪ್ಪು ಹೇಳಿದ್ದೆ. ಸರಿಯಾಗಿ ನೋಡಿರಲಿಲ್ಲ."

"ಈಗ ಆಂಬುಲೆನ್ಸ್ ಅಂತ ಬರೆಸಲಾ? ಯಾರು ತಿರುಗಿ ನೋಡ್ತಾರೆ ಅದನ್ನ?"

ಬಾಗಿಲಲ್ಲಿ ಕೂತು ಕೇಳುತ್ತಿದ್ದ ಅವನ ತಾಯಿ ಎದ್ದು ಬಂದು ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು, ಮೆಲ್ಲನೆ ಒಳಗೆ ಬಗ್ಗಿದರು. ಮೆತ್ತೆಯ ಅಂಚನ್ನು ಬೆರಳಿಂದ ಸವರಿ ನೋಡಿದರು.

"ಇದು ಅಪ್ಪನ ಹೊಲಿಗೆ," ಎಂದರು. "ಪ್ರತಿ ಹೊಲಿಗೆಗೂ ಒಂದು ಗಂಟು. ನನ್ನ ಶಾಲೆ ಚೀಲಕ್ಕೂ ಹೀಗೇ ಹಾಕಿಕೊಡ್ತಿದ್ದ."

"ಅಮ್ಮಾ, ಹೊರಗೆ ಬಾ, ಧೂಳು," ಎಂದ ಮಗ. ಅವನ ದನಿ ಇಳಿದಿತ್ತು.

ಆಕೆ ಬರಲಿಲ್ಲ. "ಇಲ್ಲಿ ಮಲಗಿದವರೆಲ್ಲ ಬದುಕಿದ್ರೇನಮ್ಮಾ?" ಎಂದು ನನ್ನನ್ನು ಕೇಳಿದರು.

ಸುಳ್ಳು ಹೇಳುವಷ್ಟು ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. "ಎಲ್ರೂ ಬದುಕಿರಲ್ಲ. ದಾರೀಲೇ ಹೋದವರೂ ಇರ್ತಾರೆ."

ಆಕೆ ಟಾರ್ಚ್ ಆರಿಸಿದರು. ಕೈ ತಾನಾಗಿ ಕೆನ್ನೆಗೆ ಹೋಯಿತು.

"ನಾನೂ ಇಲ್ಲೇ ತಲೆ ಇಟ್ಟು ಕಣ್ಣು ಮುಚ್ಚಿಕೊಂಡಿದ್ದೆ ಕಣಮ್ಮಾ," ಎಂದರು. "ಅಪ್ಪ ನನ್ನ ಹೊಡೀಲಿಲ್ಲ. ಎಬ್ಬಿಸ್ತಾ ಇದ್ದ."